ರಹದಾರಿ ಕಚೇರಿಯ ಬಾಗಿಲು

ಪರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವೀಸಾ ಸಂದರ್ಶನಕ್ಕೆ ದಿನಾಂಕವೇ ಸಿಗುವುದಿಲ್ಲವಂತೆ. ನಡುರಾತ್ರಿ ಎದ್ದು ಗಣಕಯಂತ್ರದ ಮುಂದೆ ಕುಳಿತರೂ ಕಣ್ಣೆದುರಿಗೇ ಎಲ್ಲವೂ ಖಾಲಿಯಾಗುವುದಂತೆ. ದುಡ್ಡು ಕೊಟ್ಟರೆ ಕೊಡಿಸುತ್ತೇವೆನ್ನುವ ದಲ್ಲಾಳಿಗಳು ಮಾತ್ರ ಧಾರಾಳವಾಗಿ ಸಿಗುವರಂತೆ. ಇದನ್ನೋದಿದಾಗ ಚರಿತ್ರೆಯ ಮೇಷ್ಟರಾಗಿದ್ದ ನನಗೆ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದಿನ ಜೋಹಾನ್ಸ್‌ಬರ್ಗಿನ ಒಂದು ಕಚೇರಿ ನೆನಪಾಗುತ್ತದೆ. ನಾನು ಪಾಠ ಮಾಡುತ್ತಿದ್ದ ಪಠ್ಯಪುಸ್ತಕದಲ್ಲಿ ದಕ್ಷಿಣ ಆಫ್ರಿಕದ ಸತ್ಯಾಗ್ರಹಕ್ಕೆ ಕೆಲವೇ ಸಾಲುಗಳಿದ್ದವು. ಆ ಕಚೇರಿಯ ಕಥೆ ಹೇಳಲು ನಲವತ್ತು ನಿಮಿಷದ ಪೀರಿಯಡ್ಡು ಎಂದೂ ಸಾಲಲಿಲ್ಲ. ಈಗ ಗಂಟೆ ಹೊಡೆಯುವವರು ಯಾರೂ ಇಲ್ಲವಾದ್ದರಿಂದ ಹೇಳುತ್ತೇನೆ.

ಟ್ರಾನ್ಸ್‌ವಾಲ್ ಪ್ರಾಂತ್ಯದಲ್ಲಿ ಭಾರತೀಯ ವರ್ತಕರು, ತಿರುಗಿ ಮಾರುವ ಸಣ್ಣ ವ್ಯಾಪಾರಿಗಳು ಬೋಯರರ ಆಡಳಿತದ ಕಾಲದಿಂದಲೂ ಬಾಳುತ್ತಿದ್ದರು. 1899ರ ಅಕ್ಟೋಬರಿನಲ್ಲಿ ಬೋಯರ್ ಯುದ್ಧ ಆರಂಭವಾದಾಗ ಇವರಲ್ಲಿ ಬಹುಮಂದಿ ಅಂಗಡಿಮುಂಗಟ್ಟುಗಳನ್ನು ತೊರೆದು ನೇಟಾಲ್, ಕೇಪ್ ಪ್ರಾಂತ್ಯಗಳಿಗೆ ನಿರಾಶ್ರಿತರಾಗಿ ಹೋದರು. 1902ರ ಮೇ 31ರಂದು ಒಪ್ಪಂದವಾಯಿತು. ಟ್ರಾನ್ಸ್‌ವಾಲ್ ಬ್ರಿಟಿಷರ ಕೈಸೇರಿತು. ತಾವು ಬ್ರಿಟಿಷ್ ಪ್ರಜೆಗಳಲ್ಲವೇ, ಇನ್ನು ಸಲೀಸಾಗಿ ಮನೆಗೆ ಮರಳಬಹುದೆಂದು ಅವರು ನಂಬಿದ್ದು ಸಹಜವೇ ಆಗಿತ್ತು. ಆದರೆ ಒಳಗೆ ಬರಲು ರಹದಾರಿ ಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಯುರೋಪಿಯನ್ನರಿಗೆ ಅದು ಕೇಳಿದೊಡನೆ ದೊರೆಯುತ್ತಿತ್ತು. ಭಾರತೀಯರಾದರೋ ಹೊಸದಾಗಿ ಸ್ಥಾಪಿಸಿದ ಏಷ್ಯಾಟಿಕ್ ಇಲಾಖೆಗೆ ಮೊದಲು ಅರ್ಜಿ ಹಾಕಬೇಕು, ಆ ಇಲಾಖೆ ಒಪ್ಪಿದ ಮೇಲೆಯೇ ರಹದಾರಿ.

ಈ ಇಲಾಖೆಯ ಅಧಿಕಾರಿಗಳಲ್ಲಿ ಹಲವರು ಯುದ್ಧದ ಸಮಯದಲ್ಲಿ ಭಾರತ, ಸಿಂಹಳಗಳಿಂದ ಸೈನ್ಯದೊಡನೆ ಬಂದು ಅಲ್ಲಿಯೇ ಉಳಿದವರು. ಅರ್ಜಿದಾರ ಯಾರೆಂದು ಅವರಿಗೆ ತಿಳಿಯದು; ದಾರಿ ಯಾವುದೆಂದು ಅರ್ಜಿದಾರನಿಗೆ ತಿಳಿಯದು. ಇವರಿಬ್ಬರ ನಡುವೆ ದಲ್ಲಾಳಿ ಹುಟ್ಟಿಕೊಂಡ. ನ್ಯಾಯವಾಗಿ ಹಕ್ಕುಳ್ಳವನು ಹೊರಗೇ ನಿಂತಿರಲು, ಹಕ್ಕಿಲ್ಲದವನು ನೂರು ಪೌಂಡು ತೆತ್ತು ಒಳಸೇರುತ್ತಾನೆಂಬ ದೂರು ದಿನವೂ ತಮ್ಮ ಕಿವಿಗೆ ಬೀಳುತ್ತಿತ್ತೆಂದು ಗಾಂಧೀಜಿ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹಿಂದೆ 1885ರ ಕಾನೂನಿನಂತೆ ವರ್ತಕನೊಬ್ಬ ನೋಂದಣಿಗೆ ಕೊಡುತ್ತಿದ್ದುದು ಮೂರು ಪೌಂಡು ಎಂಬುದನ್ನು ನೆನೆದರೆ ಈ ಮೊತ್ತದ ಭಾರ ತಿಳಿದೀತು. ನನ್ನ ದೃಷ್ಟಿಯಲ್ಲಿ ಈ ಅಭಾವ ತಾನಾಗಿ ಒದಗಿದ್ದಲ್ಲ. ರಹದಾರಿಯೆಂದರೆ ಒಂದು ಹಾಳೆ ಕಾಗದ, ಒಂದು ಮುದ್ರೆ. ಗೋಧಿಯಂತೆ ಮಳೆ ಬಾರದೆ ಒಣಗುವ ಬೆಳೆಯೇನಲ್ಲ. ಬೇಗ ಬೇಗ ಕೊಟ್ಟು ಮುಗಿಸಿದರೆ ಇಲಾಖೆಗೆ ಕೆಲಸವೇ ಉಳಿಯುತ್ತಿರಲಿಲ್ಲ. (ನಿವೃತ್ತಿಯ ಕಾಗದಪತ್ರಗಳಿಗಾಗಿ ಒಂದು ಕಚೇರಿಯ ಮೆಟ್ಟಿಲನ್ನು ಹಲವು ತಿಂಗಳು ಸವೆಸಿದ ನನಗೆ ಈ ತತ್ತ್ವ ಹೊಸದೇನಲ್ಲ.)

ಸ್ವತಃ ಗಾಂಧೀಜಿಯವರ ಪ್ರವೇಶವೂ ಸ್ವಾರಸ್ಯಕರವಾಗಿಯೇ ಆಯಿತು. ವಸಾಹತು ಸಚಿವ ಚೇಂಬರ್ಲೇನರಿಗೆ ಸಲ್ಲಿಸಬೇಕಾದ ಮನವಿಗಾಗಿ ಅವರು 1903ರ ಆರಂಭದಲ್ಲಿ ತುರ್ತಾಗಿ ಪ್ರಿಟೋರಿಯ ತಲುಪಬೇಕಿತ್ತು. ಇಲಾಖೆಯನ್ನು ನಂಬಿದ್ದರೆ ಕೆಲಸ ಕೆಟ್ಟಂತೆಯೇ. ಡರ್ಬನ್ನಿನ ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರ್ ಅವರಿಗೆ ಹಳೆಯ ಸ್ನೇಹಿತರು. 1897ರಲ್ಲಿ ಉದ್ರಿಕ್ತ ಗುಂಪಿನಿಂದ ಅವರ ಪ್ರಾಣ ಉಳಿಸಿದವರು. ಆ ಮಹಾಶಯರು ಜೊತೆಗೆ ಹೋಗಿ ಪರಿಚಯ ಹೇಳಿ ರಹದಾರಿ ಕೊಡಿಸಿದರು. ಇವರು ಕಳ್ಳದಾರಿಯಲ್ಲಿ ಬಂದಿರಬೇಕೆಂದು ಹಿಡಿಯಲು ಹೊರಟಿದ್ದ ಏಷ್ಯಾಟಿಕ್ ಅಧಿಕಾರಿಗಳು ಸಕ್ರಮವಾದ ಕಾಗದವನ್ನು ಕಂಡು ಪೆಚ್ಚಾದರು. ಬ್ಯಾರಿಸ್ಟರನಿಗೇ ಗುರುತಿನವರ ನೆರವು ಬೇಕಾಗಿದ್ದರೆ, ಸೊಪ್ಪು ತರಕಾರಿ ಹೊತ್ತು ಮಾರುವ ಬಡವನ ಗತಿಯೇನು?

ಮುಂದೆ ಗಾಂಧೀಜಿ ಲಂಚಕೋರರ ವಿರುದ್ಧ ಒಂದೊಂದೇ ಸಾಕ್ಷ್ಯ ಕಲೆಹಾಕಿ ಪೊಲೀಸ್ ಕಮಿಷನರರ ಮುಂದಿಟ್ಟರು. ಇಬ್ಬರು ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಒಬ್ಬನಂತೂ ತಲೆಮರೆಸಿಕೊಂಡಿದ್ದ, ಅವನನ್ನು ಹಿಡಿದು ತಂದರು. ಆದರೂ ಜ್ಯೂರಿ ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು! ಸರ್ಕಾರ ಮಾತ್ರ ನಾಚಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಮುಂದೆ ಅವರೇ ಜೋಹಾನ್ಸ್‌ಬರ್ಗ್ ಪುರಸಭೆಯಲ್ಲಿ ಕೆಲಸಕ್ಕೆ ಪ್ರಯತ್ನಿಸಿದಾಗ ಗಾಂಧೀಜಿ ಅಡ್ಡಿಪಡಿಸಲಿಲ್ಲ, ಅವರಿಗೆ ಕೆಲಸ ದೊರೆಯಿತು. ನಾನಾಗಿದ್ದರೆ ಇಷ್ಟು ಉದಾರನಾಗುತ್ತಿದ್ದೆನೋ ಇಲ್ಲವೋ.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. 1907ರಲ್ಲಿ ಟ್ರಾನ್ಸ್‌ವಾಲ್ ಶಾಸನಸಭೆ ಹೊಸ ಕಾಯಿದೆ ಮಾಡಿತು. ನೆಲೆಸಿರುವ ಭಾರತೀಯರೆಲ್ಲರೂ ಹಳೆಯ ಕಾಗದಗಳನ್ನೊಪ್ಪಿಸಿ, ಬೆರಳುಗಳ ಗುರುತು ಕೊಟ್ಟು ಮತ್ತೆ ನೋಂದಾಯಿಸಿಕೊಳ್ಳಬೇಕು. ಪೊಲೀಸರು ಕೇಳಿದಾಗಲೆಲ್ಲ ಪತ್ರ ತೋರಿಸಬೇಕು. ಅದೇ ವರ್ಷದ ಜುಲೈ 1ರಂದು ಪ್ರಿಟೋರಿಯದಲ್ಲಿ ಕಚೇರಿ ತೆರೆಯಿತು. ಅಲ್ಲಿಂದ ದೃಶ್ಯವೇ ಬದಲಾಯಿತು. ಕೆಲವೇ ವರ್ಷಗಳ ಹಿಂದೆ ಒಂದು ಕಾಗದಕ್ಕಾಗಿ ಅಂಗಲಾಚಿದ್ದ ಜನ ಈಗ ಕಚೇರಿಯತ್ತ ಸುಳಿಯಲಿಲ್ಲ. ದಾರಿಗಳಲ್ಲಿ ಸ್ವಯಂಸೇವಕರು ನಿಂತರು. ಅವರಲ್ಲಿ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಹುಡುಗರೂ ಇದ್ದರು. ನಿಮ್ಮ ವಯಸ್ಸಿನವರೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಯಾರನ್ನೂ ಬೈಯಬಾರದು, ಮುಟ್ಟಬಾರದು, ವಿನಯದಿಂದ ತಿಳಿಹೇಳಬೇಕು ಎಂಬುದು ಅವರಿಗಿದ್ದ ಅಪ್ಪಣೆ. ಹಗಲು ಬರಲಂಜಿದ ಕೆಲವರಿಗಾಗಿ ಅಧಿಕಾರಿಗಳು ರಾತ್ರಿ ಖಾಸಗಿ ಸ್ಥಳದಲ್ಲಿ ಕಾದು ಕುಳಿತರು! ಗಡುವನ್ನು ಮುಂದೂಡುತ್ತ ನವೆಂಬರ್ 30ರವರೆಗೂ ಎಳೆದರು. ಸಾವಿರಾರು ಭಾರತೀಯರಿದ್ದ ಆ ನಾಡಿನಲ್ಲಿ ಹೆಸರು ಬರೆಸಿದವರು ಐನೂರರಷ್ಟು ಮಾತ್ರ.

1908ರ ಜನವರಿಯಲ್ಲಿ ರಾಜಿಯಾಯಿತು. ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಕಾಯಿದೆಯನ್ನು ಹಿಂತೆಗೆಯಲಾಗುವುದೆಂದು ಗಾಂಧೀಜಿ ತಿಳಿದಿದ್ದರು. ಫೆಬ್ರವರಿ 10ರಂದು ಮೊದಲಿಗರಾಗಿ ನೋಂದಾಯಿಸಿಕೊಳ್ಳಲು ಹೊರಟಾಗ, ಇದು ದ್ರೋಹವೆಂದು ಬಗೆದ ಮೀರ್ ಆಲಂ ಎಂಬ ಪಠಾಣ ಮತ್ತು ಸಂಗಡಿಗರು ಅವರನ್ನು ದಾರಿಯಲ್ಲೇ ಹೊಡೆದು ಕೆಡವಿದರು. ಪಾದ್ರಿ ಜೋಸೆಫ್ ಡೋಕ್ ತಮ್ಮ ಮನೆಗೆ ಒಯ್ದು ಮಲಗಿಸಿದರು. ಮೊದಲ ನೋಂದಣಿ ತಮ್ಮದೇ ಆಗಬೇಕೆಂದು ಗಾಂಧೀಜಿ ಹಟ ಹಿಡಿಯಲು, ಇಲಾಖೆಯ ಮುಖ್ಯಸ್ಥ ಚ್ಯಾಮ್ನಿ ತಾನೇ ಹೋಗಿ ಕಾಗದಪತ್ರಗಳನ್ನು ಆ ಹಾಸಿಗೆಯ ಬಳಿಗೆ ತಂದ. ಗಾಂಧೀಜಿ ನೋವಿನಲ್ಲೇ ಬೆರಳೊತ್ತುವಾಗ ಅವನ ಕಣ್ಣಲ್ಲಿ ನೀರಾಡಿತಂತೆ.

ಕಾಯಿದೆ ಮಾತ್ರ ರದ್ದಾಗಲಿಲ್ಲ. ಅದೇ ವರ್ಷದ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಕಬ್ಬಿಣದ ಕಡಾಯಿಯಲ್ಲಿ ಹಾಕಿ ಸುಟ್ಟರು. ಆ ಸಭೆಗೆ ಮೀರ್ ಆಲಂ ಕೂಡ ಬಂದಿದ್ದ. ತಾನು ಹೊಡೆದದ್ದು ತಪ್ಪೆಂದು ಹೇಳಿ, ತನ್ನ ಹಳೆಯ ಪತ್ರವನ್ನೂ ಬೆಂಕಿಗೆ ಕೊಟ್ಟ.