ಅಂಕಿಯ ಹಿಂದಿನ ಹೆಸರು

2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯನ್ನು ಅವಹೇಳನ ಮಾಡಿದವರು ಇವರೇ ಎಂಬುದು ಆರೋಪ. ಪೊಲೀಸರ ಕೈಯಲ್ಲಿದ್ದದ್ದು ಒಂದು ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಅಂಕಿ. ಆ ಅಂಕಿ ಯಾರದೆಂದು ಹೇಳಿದ್ದು ಇಂಟರ್ನೆಟ್ ಕಂಪನಿ. ಅದು ಕೊಟ್ಟ ಹೆಸರೇ ತಪ್ಪಾಗಿತ್ತು. ತಪ್ಪು ಬಯಲಾಗಿ ಅವರು ಹೊರಬರುವಷ್ಟರಲ್ಲಿ 50 ದಿನ ಜೈಲಿನಲ್ಲಿ ಕಳೆದಿದ್ದರು.

ಈ ಪ್ರಕರಣಕ್ಕೂ ಕೃತಿಸ್ವಾಮ್ಯಕ್ಕೂ ಸಂಬಂಧವಿಲ್ಲ. ಆದರೆ ಹಾಡು, ಸಿನಿಮಾ, ಪುಸ್ತಕ ಕದ್ದವರನ್ನು ಹುಡುಕುವವರೂ ನಡೆಯುವುದು ಇದೇ ದಾರಿಯಲ್ಲಿ: ಮೊದಲು ಅಂಕಿ, ಆಮೇಲೆ ಕಂಪನಿಯ ದಾಖಲೆ, ಕೊನೆಗೆ ಹೆಸರು. ಅಂಕಿಯಿಂದ ಹೆಸರಿಗೆ ಹೋಗುವ ಬಾಗಿಲನ್ನು ಯಾರು ತೆರೆಯಬೇಕು, ಯಾರನ್ನು ಕೇಳಿ ತೆರೆಯಬೇಕು? ಕಾಲು ಶತಮಾನದಿಂದ ಹಲವು ದೇಶಗಳ ನ್ಯಾಯಾಲಯಗಳು ಚರ್ಚಿಸುತ್ತಿರುವುದು ಇದನ್ನೇ.

ಮೊದಲು ಈ ಪ್ರಶ್ನೆ ಇರಲಿಲ್ಲ. 1886ರ ಬರ್ನ್ ಒಪ್ಪಂದ ಒಂದು ದೇಶದ ಲೇಖಕನ ಹಕ್ಕನ್ನು ಇನ್ನೊಂದು ದೇಶದಲ್ಲೂ ಕಾಪಾಡಿತು. ಆದರೆ ಆಗ ಕಳ್ಳ ಪ್ರತಿಗೆ ಒಂದು ಮುದ್ರಣಾಲಯ ಬೇಕಿತ್ತು, ಮಾರಲು ಅಂಗಡಿ ಬೇಕಿತ್ತು. ಕ್ಯಾಸೆಟ್ ಕಾಲದಲ್ಲೂ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ದಾಳಿ ಮಾಡಿದರೆ ಮಾಲೂ ಸಿಗುತ್ತಿತ್ತು, ಮಾರುವವನೂ ಸಿಗುತ್ತಿದ್ದ. 1995ರಲ್ಲಿ ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 47ನೇ ವಿಧಿ, ಸಿಕ್ಕಿಬಿದ್ದವನಿಂದ ಅವನ ಜೊತೆಗಾರರ ಹೆಸರು ಹೇಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡಬಹುದು ಎಂದಿತು. ಅಲ್ಲೂ ಮೊದಲು ಒಬ್ಬ ಮನುಷ್ಯ ಕೈಗೆ ಸಿಕ್ಕಿರಬೇಕಿತ್ತು.

ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಹಕ್ಕುದಾರರು ಒಂದು ಅರ್ಜಿ ಬರೆದು ಕೋರ್ಟಿನ ಕ್ಲರ್ಕಿಗೆ ಕೊಟ್ಟರೆ ಸಾಕಿತ್ತು, ಇಂಟರ್ನೆಟ್ ಕಂಪನಿಗೆ ಸಮನ್ಸ್ ಹೋಗುತ್ತಿತ್ತು. ನ್ಯಾಯಾಧೀಶರು ಕಾಗದ ನೋಡಬೇಕಾದ ಅಗತ್ಯವೇ ಇರಲಿಲ್ಲ. 2002ರಲ್ಲಿ ಸಂಗೀತ ಕಂಪನಿಗಳ ಒಕ್ಕೂಟ ಹೀಗೆ ಒಬ್ಬ ಗ್ರಾಹಕನ ಹೆಸರು ಕೇಳಿದಾಗ ವೆರೈಜನ್ ಎಂಬ ಇಂಟರ್ನೆಟ್ ಕಂಪನಿ ಕೊಡುವುದಿಲ್ಲ ಎಂದಿತು. ಕೆಳ ನ್ಯಾಯಾಲಯದಲ್ಲಿ ವೆರೈಜನ್ ಸೋತಿತು. ಮೇಲ್ಮನವಿ ಇನ್ನೂ ಇತ್ಯರ್ಥವಾಗದಿರುವಾಗಲೇ, 2003ರ ಸೆಪ್ಟೆಂಬರಿನಲ್ಲಿ, ಒಕ್ಕೂಟ 261 ಮಂದಿಯ ಮೇಲೆ ಒಟ್ಟಿಗೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಬರೀ ಸಂಪರ್ಕ ಒದಗಿಸುವ ಕಂಪನಿಗೆ ಈ ಕ್ಲರ್ಕ್ ಸಮನ್ಸ್ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಆ ತಾಯಿ ಹಣ ಕಟ್ಟಿ ಆಗಿತ್ತು.

ಇಲ್ಲಿ ಸ್ವಲ್ಪ ನಿಂತು ಆ ಅಂಕಿಯನ್ನೇ ನೋಡೋಣ. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಒಬ್ಬರನ್ನು ಬೇರ್ಪಡಿಸಬೇಕಾದರೆ ಪೋರ್ಟ್ ಸಂಖ್ಯೆ ಬೇಕು, ಸೆಕೆಂಡಿನವರೆಗೆ ನಿಖರವಾದ ವೇಳೆ ಬೇಕು. ದೂರು ಗ್ರೀನ್‌ವಿಚ್ ವೇಳೆಯಲ್ಲಿದ್ದು ಕಂಪನಿಯ ದಾಖಲೆ ಭಾರತೀಯ ವೇಳೆಯಲ್ಲಿದ್ದರೆ ಐದೂವರೆ ಗಂಟೆಯ ಅಂತರ ಬೀಳುತ್ತದೆ. ಅಷ್ಟರಲ್ಲಿ ಆ ಅಂಕಿ ಎಷ್ಟು ಕೈ ದಾಟಿರುತ್ತದೋ! ಎಲ್ಲವೂ ಸರಿಯಾಗಿದ್ದರೂ ಸಿಗುವುದು ಬಿಲ್ ಕಟ್ಟುವವರ ಹೆಸರು. ಹಾಸ್ಟೆಲಿನ ವೈಫೈ ಆದರೆ ವಾರ್ಡನ್ ಹೆಸರು.

ಯುರೋಪಿನಲ್ಲಿ ಚರ್ಚೆ ಇನ್ನೂ ಆಳಕ್ಕೆ ಇಳಿಯಿತು. ಹಾಡು ಹಂಚಿಕೊಳ್ಳುವ ಕಾಜಾ ತಂತ್ರಾಂಶ ಬಳಸುತ್ತಿದ್ದವರ ಹೆಸರು ಕೊಡಿ ಎಂದು ಸ್ಪೇನಿನ ಸಂಗೀತ ನಿರ್ಮಾಪಕರು ಇಂಟರ್ನೆಟ್ ಕಂಪನಿ ಟೆಲಿಫೋನಿಕಾವನ್ನು ಕೇಳಿದ್ದರು. ಸಿವಿಲ್ ದಾವೆಗಾಗಿ ಹೆಸರು ಕೊಡಲೇಬೇಕೆಂಬ ಕಾನೂನು ಮಾಡುವಂತೆ ಸದಸ್ಯ ದೇಶಗಳನ್ನು ಒತ್ತಾಯಿಸಲಾಗದು, ಕೃತಿಸ್ವಾಮ್ಯ, ಖಾಸಗಿತನ ಎರಡೂ ಹಕ್ಕುಗಳನ್ನು ತೂಗಿ ನೋಡಬೇಕು ಎಂದು ಯುರೋಪಿನ ನ್ಯಾಯಾಲಯ 2008ರಲ್ಲಿ ಹೇಳಿತು. ಮರುವರ್ಷ ಫ್ರಾನ್ಸ್, ಮೂರು ಬಾರಿ ಸಿಕ್ಕಿಬಿದ್ದವರ ಇಂಟರ್ನೆಟ್ ಸಂಪರ್ಕವನ್ನೇ ಕಡಿಯುವ ಅಧಿಕಾರವನ್ನು ಹಡೋಪಿ ಎಂಬ ಪ್ರಾಧಿಕಾರಕ್ಕೆ ಕೊಡಲು ಹೊರಟಿತು. ನ್ಯಾಯಾಧೀಶರಿಲ್ಲದೆ ಅದು ಸಲ್ಲದು ಎಂದು ಅಲ್ಲಿನ ಸಂವಿಧಾನ ಮಂಡಳಿ 2009ರ ಜೂನ್‌ನಲ್ಲಿ ತಡೆಯಿತು.

ಇದೇ ಹೊತ್ತಿಗೆ ಶ್ರೀಮಂತ ದೇಶಗಳು ನಕಲಿ ಸರಕು ಮತ್ತು ಕೃತಿಸ್ವಾಮ್ಯ ಉಲ್ಲಂಘನೆ ತಡೆಯಲು ಆಕ್ಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಮುಚ್ಚಿದ ಬಾಗಿಲ ಹಿಂದೆ ರೂಪಿಸುತ್ತಿದ್ದವು. ಭಾರತ 2010ರಲ್ಲೇ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅದಕ್ಕೆ ಆಕ್ಷೇಪ ಎತ್ತಿತ್ತು. 2012ರ ಚಳಿಗಾಲದಲ್ಲಿ ಪೋಲೆಂಡಿನ ಯುವಜನ ಬೀದಿಗಿಳಿದರು. ಜುಲೈ 4ರಂದು ಯುರೋಪಿನ ಸಂಸತ್ತು 478–39 ಮತಗಳಿಂದ ಒಪ್ಪಂದವನ್ನು ತಿರಸ್ಕರಿಸಿತು. ಕೃತಿಸ್ವಾಮ್ಯದಂಥ ತಾಂತ್ರಿಕ ವಿಷಯ ಜನರನ್ನು ಬೀದಿಗೆ ತಂದದ್ದು ಅದರೊಳಗೆ ಖಾಸಗಿತನದ ಪ್ರಶ್ನೆ ಇದ್ದುದರಿಂದಲೇ ಎಂದು ನನ್ನ ನಂಬಿಕೆ.

ಆದರೆ 2024ರ ಏಪ್ರಿಲ್ 30ರಂದು ಅದೇ ಯುರೋಪಿನ ನ್ಯಾಯಾಲಯ ಒಂದು ಹೆಜ್ಜೆ ಹಿಂದಿಟ್ಟಿತು. ಫ್ರಾನ್ಸಿನ ಪ್ರಾಧಿಕಾರ ಐಪಿ ವಿಳಾಸದ ಹಿಂದಿನ ಹೆಸರು ಪಡೆಯಬಹುದು ಎಂದಿತು. ಷರತ್ತುಗಳಿವೆ: ದಾಖಲೆಗಳನ್ನು ಬೇರೆ ಬೇರೆಯಾಗಿ ಇಡಬೇಕು, ಒಬ್ಬರು ಮೂರನೇ ಬಾರಿ ಸಿಕ್ಕಿಬಿದ್ದು ಪ್ರಕರಣ ಮೂರನೇ ಹಂತಕ್ಕೆ ಬಂದಾಗ ಹೆಸರನ್ನೂ ಇಳಿಸಿಕೊಂಡ ಕೃತಿಯನ್ನೂ ಜೋಡಿಸುವ ಮೊದಲು ನ್ಯಾಯಾಲಯವೋ ಸ್ವತಂತ್ರ ಸಂಸ್ಥೆಯೋ ಪರಿಶೀಲಿಸಬೇಕು. ಈ ಷರತ್ತಿಗೆ ಕಾರಣವಿದೆ. ಒಬ್ಬರು ಏನು ಓದಿದರು, ಏನು ನೋಡಿದರು ಎಂಬುದರಿಂದ ಅವರ ರಾಜಕೀಯ, ಕಾಯಿಲೆ, ಒಳಗಿನ ಒಲವುಗಳೆಲ್ಲ ಹೊರಬೀಳುತ್ತವೆ. ಮೂರನೇ ಹಂತದವರೆಗೆ ಕಾಯದೆ ಮೊದಲ ಹಂತದಲ್ಲೇ ಈ ಪರಿಶೀಲನೆ ಇರಬೇಕಿತ್ತು ಎನ್ನುತ್ತೇನೆ.

ಇನ್ನು ನಮ್ಮ ಕಡೆ. ಅಪರಿಚಿತರ ಮೇಲೆ ಮುಂಚಿತವಾಗಿ ತಡೆಯಾಜ್ಞೆ ಕೊಡುವ ಪದ್ಧತಿ ದೆಹಲಿ ಹೈಕೋರ್ಟಿನಲ್ಲಿ 2002ರ ಫುಟ್‌ಬಾಲ್ ವಿಶ್ವಕಪ್ ಪ್ರಸಾರದ ಪ್ರಕರಣದಿಂದ ಶುರುವಾಯಿತು. ಆ ಹೆಸರಿಲ್ಲದ ಪ್ರತಿವಾದಿಗೆ ಮುಂದೆ ‘ಅಶೋಕ್ ಕುಮಾರ್’ ಎಂಬ ಹೆಸರಿಡುವುದು ರೂಢಿಯಾಯಿತು. ಕರ್ನಾಟಕ ಇನ್ನೂ ಮುಂದೆ ಹೋಯಿತು. 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಯನ್ನು ಸೇರಿಸಿತು, ಕೃತಿಸ್ವಾಮ್ಯ ಉಲ್ಲಂಘನೆಗೂ ಒಂದು ವರ್ಷದವರೆಗೆ ಮುನ್ನೆಚ್ಚರಿಕೆಯ ಬಂಧನ ಸಾಧ್ಯವಾಯಿತು. ಆ ತಪ್ಪು ಬಂಧನ ನಡೆದ ಊರಿನಲ್ಲೇ ಇಂಥ ಕಾನೂನು ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಅದಕ್ಕೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಖಾಸಗಿತನದ ಈ ಹಕ್ಕು ಕೃತಿಸ್ವಾಮ್ಯಕ್ಕೆ ಎದುರಾದದ್ದು 2022ರಲ್ಲಿ. ದೆಹಲಿಯ ಕೋಚಿಂಗ್ ಶಿಕ್ಷಕಿಯೊಬ್ಬರ ಪುಸ್ತಕ, ಪಾಠಗಳು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹರಿದಾಡುತ್ತಿದ್ದವು. ಒಂದನ್ನು ಮುಚ್ಚಿಸಿದರೆ ಇನ್ನೊಂದು ಹುಟ್ಟುತ್ತಿತ್ತು. ಅವರ ಸಂಕಟ ನಮಗೆ ಅರ್ಥವಾಗುವಂಥದ್ದು. ಸಾವಿರ ಪ್ರತಿ ಅಚ್ಚು ಹಾಕಿಸಿ ಖರ್ಚು ಹುಟ್ಟಿಸಲು ಒದ್ದಾಡುವ ಕನ್ನಡ ಪ್ರಕಾಶಕರ ಪುಸ್ತಕವನ್ನು ಪುಟಪುಟ ಫೋಟೊ ತೆಗೆದು ಪಿಡಿಎಫ್ ಮಾಡಿ ಪರೀಕ್ಷಾರ್ಥಿಗಳ ಗುಂಪಿಗೆ ಹಾಕುವವರು ಇಲ್ಲೂ ಇದ್ದಾರೆ. ದತ್ತಾಂಶ ಸಿಂಗಪುರದ ಸರ್ವರಿನಲ್ಲಿದೆ, ಅಲ್ಲಿನ ಕಾನೂನು ಹೆಸರು ಕೊಡಲು ಬಿಡುವುದಿಲ್ಲ ಎಂದು ಟೆಲಿಗ್ರಾಂ ವಾದಿಸಿತು. ಸರ್ವರ್ ಎಲ್ಲೇ ಇರಲಿ, ಇಲ್ಲಿನ ಹಕ್ಕನ್ನು ಕಾಪಾಡಲು ಇಲ್ಲಿನ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂದು ದೆಹಲಿ ಹೈಕೋರ್ಟ್ ಆಗಸ್ಟ್ 30ರಂದು ಆದೇಶಿಸಿತು. ನವೆಂಬರಿನಲ್ಲಿ ಹೆಸರು, ಫೋನ್ ನಂಬರು, ಕೆಲವು ಐಪಿ ವಿಳಾಸಗಳು ಮುಚ್ಚಿದ ಲಕೋಟೆಯಲ್ಲಿ ಬಂದವು. ಅವನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಎಂಬ ಷರತ್ತಿನ ಮೇಲೆ ವಾದಿಯ ಕಡೆಯವರಿಗೆ ಕೊಡಲಾಯಿತು. ಈ ಆದೇಶವನ್ನು ನಾನು ಒಪ್ಪುತ್ತೇನೆ. ಹೆಸರು ಹೊರಬಂದದ್ದು ನಿರ್ದಿಷ್ಟ ಚಾನೆಲ್‌ಗಳ ಬಗ್ಗೆ ನ್ಯಾಯಾಧೀಶರು ವಾದ ಕೇಳಿದ ಮೇಲೆ, ಅವರ ಕೈ ದಾಟಿ.

ಆತಂಕ ಇರುವುದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮಿನ ಬಗ್ಗೆ. ಕಾನೂನುಬದ್ಧ ಹಕ್ಕನ್ನು ಜಾರಿಗೊಳಿಸಲು ಅಗತ್ಯವಾದರೆ ನಮ್ಮ ಒಪ್ಪಿಗೆ ಪಡೆಯುವ, ನಮಗೆ ತಿಳಿಸುವ ಹೊಣೆ ಇರುವುದಿಲ್ಲ. ಮಾಹಿತಿಯನ್ನು ವಿದೇಶಕ್ಕೆ ಕಳಿಸುವುದರ ಮೇಲಿನ ನಿರ್ಬಂಧವೂ ಅನ್ವಯಿಸುವುದಿಲ್ಲ. ಅಗತ್ಯವಿದೆ ಎಂದು ತೀರ್ಮಾನಿಸುವವರು ಯಾರು ಎಂಬುದನ್ನು ಕಲಮು ಹೇಳುವುದಿಲ್ಲ. ಹೊರದೇಶದ ಸ್ಟುಡಿಯೊ ಕಳಿಸಿದ ನೋಟಿಸ್ ನೋಡಿ ಇಲ್ಲಿನ ಕಂಪನಿಯೇ ತೀರ್ಮಾನಿಸಿಬಿಟ್ಟರೆ ನಾವು 1998ರ ಕ್ಲರ್ಕಿನ ಮೇಜಿಗಿಂತಲೂ ಹಿಂದಕ್ಕೆ ಹೋದಂತೆ. ಹೆಸರು ಕೇಳುವ ಪ್ರತಿ ಕಾಗದದಲ್ಲೂ ಭಾರತೀಯ ವೇಳೆ ಇರಬೇಕು, ಪೋರ್ಟ್ ಸಂಖ್ಯೆ ಇರಬೇಕು, ಕೆಳಗೆ ಒಬ್ಬ ನ್ಯಾಯಾಧೀಶರ ಸಹಿ ಇರಬೇಕು.