ಹಳ್ಳಿಯ ಮಕ್ಕಳೂ ದೂರದರ್ಶನವೂ

ಭರತಖಂಡದಲ್ಲಿ ದೂರದರ್ಶನವು 1959ನೆಯ ಇಸವಿ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆಕಾಶವಾಣಿಯ ಒಂದು ಅಂಗವಾಗಿ ಆರಂಭವಾಯಿತು. 1961ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಆ ನಗರದ ಶಾಲೆಗಳಿಗೆ ಪಾಠಗಳ ಪ್ರಸಾರವೂ ಮೊದಲಾಯಿತು. ಆದರೆ ಹಳ್ಳಿಯ ಮಗುವಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಸಂಬಂಧವು ವಿಸ್ತಾರವಾಗಿ ಉಂಟಾದುದು 1975ರಲ್ಲಿ. ಉಂಟಾದ ಎಡೆಗಳಲ್ಲಿ ಕನ್ನಡ ನಾಡಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಸೇರಿದ್ದುವು.

ಇದರ ಮೂಲಪುರುಷರು ವಿಕ್ರಮ ಸಾರಾಭಾಯಿಯವರು. ಪಟ್ಟಣಗಳಿಂದ ತೊಡಗಿ ಮೆಲ್ಲಮೆಲ್ಲನೆ ಹಳ್ಳಿಗೆ ಇಳಿಯುವ ಕ್ರಮವನ್ನು ಅವರು ಒಪ್ಪಲಿಲ್ಲ. ಉಪಗ್ರಹದ ಮೂಲಕ ನೇರವಾಗಿ ಹಳ್ಳಿಗೇ ಹೋಗಬೇಕೆಂಬುದು ಅವರ ಮತ. 1969ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಫಲವನ್ನು ಕಾಣಲು ಅವರೇ ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ತೀರಿಕೊಂಡರು. ಅಹಮದಾಬಾದಿನಲ್ಲಿ ಯಶಪಾಲ್, ಚಿಟ್ನಿಸ್ ಮೊದಲಾದವರು ಕಾರ್ಯವನ್ನು ಮುಂದುವರಿಸಿದರು.

ಎ.ಟಿ.ಎಸ್.-6 ಎಂಬ ಆ ಉಪಗ್ರಹವು 1974ರ ಮೇ 30ರಂದು ಮೇಲೇರಿ, ಮೊದಲ ವರ್ಷ ಅಮೆರಿಕೆಯವರ ಸೇವೆಯಲ್ಲಿಯೇ ಇದ್ದಿತು. ಅನಂತರ ಅದನ್ನು ಆಫ್ರಿಕಾ ಖಂಡದ ಪೂರ್ವಭಾಗದ ನೆತ್ತಿಗೆ ಸರಿಸಿ, 1975ರ ಆಗಸ್ಟ್ 1ರಿಂದ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಾಗಿ ಕೊಟ್ಟರು. ಆರು ಪ್ರಾಂತಗಳ ಸುಮಾರು 2,400 ಗ್ರಾಮಗಳು ಇದಕ್ಕಾಗಿ ಆರಿಸಲ್ಪಟ್ಟಿದ್ದುವು. ಬಹುಮಟ್ಟಿಗೆ ಶಾಲೆಯಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಯಂತ್ರವನ್ನಿರಿಸಿ, ಹೊರಗೆ ಹತ್ತಡಿ ಅಗಲದ ಬೋಗುಣಿಯಾಕಾರದ ಗ್ರಾಹಕವನ್ನು ನಿಲ್ಲಿಸಿದರು. ಅದರ ಹೊದಿಕೆ ಬೇರೇನೂ ಅಲ್ಲ, ಕೋಳಿಗೂಡಿಗೆ ಕಟ್ಟುವ ತಂತಿಯ ಬಲೆ! ಇಪ್ಪತ್ತೆರಡು ಸಾವಿರ ಮೈಲಿಗಳಾಚೆಯಿಂದ ಬಂದ ಚಿತ್ರವು ಆ ಬಲೆಗೆ ಬೀಳುತ್ತಿದ್ದಿತು.

ಸಾಯಂಕಾಲದ ಪ್ರಸಾರವು ದೊಡ್ಡವರಿಗೆ: ಬೇಸಾಯ, ಆರೋಗ್ಯ, ವಾರ್ತೆ, ವಿನೋದ. ಬೆಳಗಿನ ಒಂದೂವರೆ ಗಂಟೆಯೆಲ್ಲವೂ ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಮೀಸಲು. ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಅದನ್ನು ಹಂಚಿಕೊಂಡುವು. ಕನ್ನಡಕ್ಕೆ ಬಂದ ಪಾಲು ಶಾಲೆಯ ದಿನವೊಂದಕ್ಕೆ 22½ ನಿಮಿಷ. ಅಲ್ಪವೆಂದು ತೋರಬಹುದು. ಆದರೆ ಕನ್ನಡ ಪ್ರಾಂತದ ರಾಜಧಾನಿಯಲ್ಲಿಯೇ ದೂರದರ್ಶನವಿಲ್ಲದ ಕಾಲದಲ್ಲಿ, ರಾಯಚೂರು ಸೀಮೆಯ ಕೂಸು ತನ್ನ ನುಡಿಯಲ್ಲಿ ಅದನ್ನು ಕೇಳಿತೆಂಬುದು ಸಾಮಾನ್ಯವಾದ ಮಾತಲ್ಲ.

ಈ ಕಾರ್ಯಕ್ರಮಗಳು ದೆಹಲಿಯ ಪಾಠಗಳಂತೆ ಪಠ್ಯಪುಸ್ತಕಕ್ಕೆ ಕಟ್ಟುಬಿದ್ದವಲ್ಲ. ಪರೀಕ್ಷೆಗೆ ಅಣಿಗೊಳಿಸುವುದಕ್ಕಿಂತ, ಮಗುವಿನಲ್ಲಿ ಕುತೂಹಲವನ್ನು ಎಚ್ಚರಿಸಿ ಶಾಲೆಯನ್ನು ರುಚಿಕರವಾಗಿಸುವುದೇ ಉದ್ದೇಶ. ವಿಜ್ಞಾನದ ಕಾರ್ಯಕ್ರಮಗಳನ್ನು ಬಾಹ್ಯಾಕಾಶ ಸಂಸ್ಥೆಯವರು ಮುಂಬಯಿಯ ತಮ್ಮ ಸ್ಟುಡಿಯೋದಲ್ಲಿ ಸಿದ್ಧಪಡಿಸಿದರು. ಕೇಳಿದುದನ್ನು ಒಪ್ಪಿಸುವ ಅಭ್ಯಾಸಕ್ಕಿಂತ ಕಂಡುದನ್ನು ವಿಚಾರಿಸುವ ಅಭ್ಯಾಸವು ಶ್ರೇಷ್ಠವೆಂಬ ಈ ನೋಟ ಸರಿಯಾದುದೇ. ಆದರೆ ಪೆಟ್ಟಿಗೆಯು ಮಾತನಾಡಬಲ್ಲುದೇ ಹೊರತು, ಮಗುವಿನ ಮರುಪ್ರಶ್ನೆಯನ್ನು ಕೇಳಲಾರದು. ಉತ್ತರಕ್ಕೆ ಪಕ್ಕದಲ್ಲಿ ಉಪಾಧ್ಯಾಯನೇ ನಿಲ್ಲಬೇಕು. ಯೋಜಕರು ಇದನ್ನು ಮರೆತಿರಲಿಲ್ಲವೆಂಬುದು ಅವರ ವಿವೇಕಕ್ಕೆ ಸಾಕ್ಷಿ. ರಜೆಯ ದಿನಗಳಲ್ಲಿ ಇದೇ ಉಪಗ್ರಹದ ಮೂಲಕ ಪ್ರಾಥಮಿಕ ಶಾಲೆಗಳ ಸಹಸ್ರಾರು ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ಶಿಕ್ಷಣವನ್ನು ಕೊಡಲಾಯಿತು.

ಎರವಿನ ಒಡವೆಗೆ ಅವಧಿಯುಂಟು. 1976ರ ಜುಲೈ 31ಕ್ಕೆ ವರ್ಷವು ತುಂಬಿತು. ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಅವಧಿ ಮುಂಚೆಯೇ ತಿಳಿದಿದ್ದುದರಿಂದ ಕೊಟ್ಟವರನ್ನು ದೂರುವಂತಿಲ್ಲ. ಆದರೂ ಒಂದು ವರ್ಷ ಬೆಳಗಾದರೆ ಆ ಪೆಟ್ಟಿಗೆಯ ಮುಂದೆ ಕುಳಿತ ಮಕ್ಕಳಿಗೆ ಒಪ್ಪಂದದ ಷರತ್ತುಗಳನ್ನು ತಿಳಿಯಹೇಳುವ ಭಾರವು ಊರಿನ ಮೇಷ್ಟರ ಪಾಲಿಗೇ ಉಳಿಯಿತಷ್ಟೆ!

1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಣ ಪ್ರಸಾರಕೇಂದ್ರವೊಂದು ಸ್ಥಾಪಿತವಾಯಿತು. ಬೆಂಗಳೂರಿಗೆ ದೂರದರ್ಶನವು ಬಂದುದು 1981ರಲ್ಲಿ. ಆದರೆ ಭೂಕೇಂದ್ರದ ವ್ಯಾಪ್ತಿಯು ಪರಿಮಿತ. ಉಪಗ್ರಹವು ಮುಟ್ಟಿದ್ದ ಊರುಗಳಲ್ಲಿ ಅನೇಕವು ಅದರ ಎಲ್ಲೆಯ ಹೊರಗೇ ಉಳಿದುವು.