ಬಿದನೂರಿನಿಂದ ಬಸರೂರಿಗೆ: ಮೆಣಸು ಇಳಿದ ದಾರಿಯಲ್ಲಿ ಒಂದು ಸೈಕಲ್

ಅಡಿಕೆ ಮೊದಲ ಕೊಯ್ಲು ಮುಗಿದ ಮೇಲೆ ಎರಡು ದಿನ ಬಿಡುವು ಮಾಡ್ಕೊಂಡು, ಗೇರಿಲ್ಲದ ಹಳೇ ಸೈಕಲ್ಲಿನಲ್ಲಿ ಒಬ್ಬನೇ ನಗರದಿಂದ ಬಸರೂರಿಗೆ ಹೋಗಿ ಬಂದೆ. ಮಾಸ್ತಿಕಟ್ಟೆ, ಹುಲಿಕಲ್, ಬಾಳೆಬರೆ ಘಾಟಿ, ಹೊಸಂಗಡಿ, ಸಿದ್ದಾಪುರ, ಶಂಕರನಾರಾಯಣ, ಹಾಲಾಡಿ. ಬಸ್ಸಿನಲ್ಲಿ ಎಷ್ಟೋ ಸಲ ಹೋದ ದಾರಿಯೇ. ಆದರೆ ಈ ಘಟ್ಟ ಎಂಥದ್ದು ಅಂತ ಕಾಲಿಗೆ ಗೊತ್ತಾಗೋದು ಸೈಕಲ್ಲಿನಲ್ಲಿ ಮಾತ್ರ.

ನಗರ ಅಂದರೆ ಹಳೇ ಬಿದನೂರು, ಕೆಳದಿ ನಾಯಕರ ರಾಜಧಾನಿ. ಬಸರೂರು ಆಗ ಘಟ್ಟದ ಕೆಳಗಿನ ದೊಡ್ಡ ಬಂದರಾಗಿತ್ತು, ವಾರಾಹಿ ಹೊಳೆ ದಂಡೆ ಮೇಲಿದೆ. ಆ ಹೊಳೆ ಹುಟ್ಟೋದು ನಮ್ಮ ಘಟ್ಟದ ಮೇಲೇ. ಈಗ ಅದರ ನೀರು ಮಾಣಿ ಅಣೆಕಟ್ಟಿನಲ್ಲಿ ನಿಂತು, ಹೊಸಂಗಡಿಯಲ್ಲಿ ಕರೆಂಟಾಗಿ, ಆಮೇಲೆ ಕೆಳಗೆ ಹರಿಯುತ್ತೆ. ಪೋರ್ಚುಗೀಸರು ಬಸರೂರಲ್ಲಿ ಕೋಟೆ ಕಟ್ಟಿ ಕೂತಿದ್ದು ಘಟ್ಟದ ಮೆಣಸಿಗೆ, ಕರಾವಳಿಯ ಅಕ್ಕಿಗೆ. ಶಿವಪ್ಪನಾಯಕ (1645–1660) ಅವರನ್ನು ಅಲ್ಲಿಂದ ಎಬ್ಬಿಸಿದ.

ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದವು. ಮಾರನೇ ದಿನ ಹತ್ತುವಾಗ ಮುಕ್ಕಾಲು ಭಾಗ ತಳ್ಳಿಕೊಂಡೇ ಬಂದೆ. ಹಿಂದೆ ಒಂದು ಸಣ್ಣ ಚೀಲ ಅಷ್ಟೇ ಇತ್ತು. ಉಪ್ಪಿನ ಹೇರು ಹೊತ್ತ ಎತ್ತುಗಳ ಕಥೆ ಏನಾಗಿರಬೇಡ! ಭಾರ ಕಡಿಮೆ, ಬೆಲೆ ಜಾಸ್ತಿ ಇರೋ ಮಾಲಿಗೆ ಮಾತ್ರ ಇಂಥ ಘಟ್ಟದ ಬಾಡಿಗೆ ತಡೆಯುತ್ತೆ. ಮೆಣಸು, ಅಡಿಕೆ ಮಲೆನಾಡನ್ನು ಸಾಕಿದ್ದಕ್ಕೆ ಮಳೆ ಒಂದೇ ಅಲ್ಲ, ಈ ಏರೂ ಕಾರಣ.

ಮಾಲು ಬರೋ ದಾರಿಯಲ್ಲಿ ದಂಡೂ ಬರುತ್ತೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದು ಹೈದರ್‌ನಗರ ಅಂತ ಹೆಸರಿಟ್ಟ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ನಗರ ತಗೊಂಡ. ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ಕಿತ್ತುಕೊಂಡ. ಇಷ್ಟೆಲ್ಲ ಕಂಡ ಊರು ಇವತ್ತು ಒಂದು ಸಣ್ಣ ಪೇಟೆ. ಕೋಟೆ ಮಾತ್ರ ರಸ್ತೆ ಪಕ್ಕ ನಿಂತಿದೆ.

ರೈತರಾದ ನಮಗೆ ಕೋಟೆಗಿಂತ ದೊಡ್ಡದು ಶಿವಪ್ಪನಾಯಕನ 'ಶಿಸ್ತು'. ಅದರ ವಿವರ ಹಳೇ ಮೈಸೂರು ಗೆಜೆಟಿಯರಿನಲ್ಲಿ ಇದೆ. ಜಮೀನನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರ ಮಾಡಿ, ಒಂದೊಂದು ತರದ ಗದ್ದೆಯನ್ನು 12 ವರ್ಷ ತನ್ನ ಖರ್ಚಲ್ಲೇ ಸಾಗುವಳಿ ಮಾಡಿಸಿದ. ಬೀಜ, ಖರ್ಚು, ಉತ್ಪತ್ತಿ, ಧಾರಣೆ ಎಲ್ಲ ಬರೆಸಿ, ಸರಾಸರಿ ತೆಗೆದು, ಹುಟ್ಟುವಳಿಯಲ್ಲಿ ಮೂರನೇ ಒಂದು ಪಾಲು ಕಂದಾಯ ಅಂತ ಗೊತ್ತು ಮಾಡಿದ. ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕ. ಮೂರನೇ ಒಂದು ಪಾಲು ಏನೂ ಕಡಿಮೆಯಲ್ಲ. ಮುಂದೆ ಬಂದವರು ಅದರ ಮೇಲೂ ಪಟ್ಟಿ ಹಾಕಿದರು. ಆದರೆ ಕೇಳೋ ಮೊದಲು ಆತ ಬೆಳೆದು ನೋಡಿದ್ದ.

ಇವತ್ತು ನಮ್ಮ ಮಾಲಿಗೆ ದರ ಕಟ್ಟುವವರು ಒಂದು ಮರವನ್ನೂ ಬೆಳೆಸಿ ನೋಡಿದವರಲ್ಲ. ಹಾಗಾಗಿ ಆ ಲೆಕ್ಕ ನಾವೇ ಇಡಬೇಕು. ಕೊಳೆ ಔಷಧಿ, ಕೊನೆಗೌಡರ ಕೂಲಿ, ಸುಲಿಯೋ ಖರ್ಚು, ಗಾಡಿ ಬಾಡಿಗೆ ಎಲ್ಲ ನಾನು ಒಂದು ನೋಟ್‌ಬುಕ್ಕಲ್ಲಿ ಬರೀತೀನಿ. ನೀವೂ ಬರೀರಿ. ಐದಾರು ತೋಟದ ಲೆಕ್ಕ ಒಟ್ಟಿಗೆ ಇಟ್ಟರೆ, ಕ್ವಿಂಟಾಲಿಗೆ ನಮಗೆ ಎಷ್ಟು ಬಿತ್ತು ಅಂತ ಧೈರ್ಯವಾಗಿ ಹೇಳಬಹುದು. ಯಾರ ಹತ್ತಿರ ಇದೆ, ಕೆಳಗೆ ತಿಳಿಸಿ.